ಕೇಳಲಿಲ್ಲ, ಹೇಳಿ ಬಂದಳು: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ತಾಯಿಯನ್ನು ಗಂಗವ್ವ ಎಂದು ಕರೆಯುತ್ತೇನೆ. ಅದು ಆಕೆಯ ಹೆಸರಲ್ಲ. ಊರು ಮಲಪ್ರಭೆಯ ದಂಡೆಯ ಕಡೆಯದು ಎಂದಷ್ಟೇ ಹೇಳಬಲ್ಲೆ. ಗುರುತು ಹತ್ತಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ. ಒಪ್ಪುವಾಗ ಹಾಕಿದ್ದು ಒಂದೇ ಷರತ್ತು: "ಬರೀರಿ ಅಕ್ಕಾರ, ಆದ್ರ ಅವ್ವನ ಹೆಸರು ಕೆಡಸಬ್ಯಾಡ್ರಿ." ಅವ್ವ ಎಂದರೆ ಸವದತ್ತಿ ಗುಡ್ಡದ ಎಲ್ಲಮ್ಮ. ಮಾಜಿ ದೇವದಾಸಿಯರ ಸಂಘಗಳ ಜೊತೆ ಕ್ಷೇತ್ರ ಕಾರ್ಯಕರ್ತೆಯಾಗಿ ಓಡಾಡಿದ ವರ್ಷಗಳಲ್ಲಿ ನಾನು ಹತ್ತಿರದಿಂದ ಕಂಡದ್ದು ಇದು. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ ಎಂದು ನನ್ನ ತಪ್ಪುಗಳನ್ನೂ ಸೇರಿಸಿ ಬರೆದಿದ್ದೇನೆ.

ಹಿನ್ನೆಲೆ

ಗಂಗವ್ವನಿಗೆ ಮುತ್ತು ಕಟ್ಟಿದಾಗ, ಅಂದರೆ ಎಲ್ಲಮ್ಮನ ಹೆಸರಿಗೆ ದೇವದಾಸಿಯಾಗಿ ಬಿಟ್ಟಾಗ, ಹತ್ತು ವರ್ಷ ಇದ್ದಿರಬೇಕು. ಆ ದಿನದ್ದು ಆಕೆಗೆ ಎರಡೇ ನೆನಪು. ಹೊಸ ಹಸಿರು ಸೀರೆ ಉದ್ದವಾಗಿ ಕಾಲಿಗೆ ತೊಡರುತ್ತಿತ್ತು. ದೇವಿಯ ಸೇವೆಗೆ ಬಿಟ್ಟ ಐದು ಮಂದಿ ಜೋಗತಿಯರ ನಡುವೆ ಕೂಡಿಸಿ ಹೋಳಿಗೆ ಬಡಿಸಿದರು. ಕೊರಳಿಗೆ ಕಟ್ಟಿದ ಕೆಂಪು-ಬಿಳಿ ಮಣಿಯ ಸರದ ಅರ್ಥ ತಿಳಿದದ್ದು ಮೈ ನೆರೆದ ಮೇಲೆ. ಮದುವೆ ಇಲ್ಲ, ತವರೇ ಮನೆ. ಮಂಗಳವಾರ, ಶುಕ್ರವಾರ ದೇವಿಯ ಬುಟ್ಟಿ ಪಡ್ಡಲಗಿ ಹೊತ್ತು, ಆಕೆಯ ಹೆಸರಲ್ಲಿ ಐದು ಮನೆ ಜೋಗ ಬೇಡಬೇಕು. ಊರಿನ ಉಳ್ಳವನೊಬ್ಬ ಕೆಲವು ವರ್ಷ ಬಂದು ಹೋಗುತ್ತಿದ್ದ, ಆಮೇಲೆ ಬರುವುದನ್ನು ಬಿಟ್ಟ. ಮಗಳು ಹುಟ್ಟಿದಳು. ಶಾಲೆಗೆ ಹೆಸರು ಹಚ್ಚುವಾಗ 'ತಂದೆಯ ಹೆಸರು' ಎಂಬ ಸಾಲಿಗೆ ಬಂದು ಮಾಸ್ತರರ ಪೆನ್ನು ನಿಂತಿತಂತೆ. ಆಕೆ ನೆಲ ನೋಡುತ್ತ ನಿಂತಿದ್ದಳು.

ಆಕೆಗೆ ಮುತ್ತು ಕಟ್ಟುವ ಹೊತ್ತಿಗೆ ಅದು ಅಪರಾಧವಾಗಿ ವರ್ಷಗಳೇ ಆಗಿದ್ದವು. ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರದು, ಜಾರಿಗೆ ಬಂದದ್ದು 1984ರಲ್ಲಿ. ಮುಂಬೈ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಲ್ಲಿ ಅದಕ್ಕೂ ಮೊದಲು 1934ರ ಕಾಯ್ದೆಯೊಂದಿತ್ತು. ಕಾಯ್ದೆಯ ಬಿಗಿ ಹೆಚ್ಚಿದಂತೆ ಗುಡ್ಡದ ಮೇಲೆ ಎಲ್ಲರ ಕಣ್ಣೆದುರು ನಡೆಯುತ್ತಿದ್ದದ್ದು ಊರೊಳಗೆ, ಮನೆಯೊಳಗೆ, ರಾತ್ರಿ ಹೊತ್ತಿಗೆ ಸರಿಯಿತು. ಸರ್ಕಾರದ 1993-94ರ ಸಮೀಕ್ಷೆಯಲ್ಲಿ 22,873 ಮಂದಿ ದೇವದಾಸಿಯರು ಸಿಕ್ಕಿದ್ದರು. 2007-08ರಲ್ಲಿ ಮತ್ತೆ 23,787 ಮಂದಿಯ ಹೆಸರು ಸೇರಿತು. ಹೆಚ್ಚಿನವರು ದಲಿತ ಕೇರಿಯವರು. ಆ ಪಟ್ಟಿಯಲ್ಲಿ ಗಂಗವ್ವನೂ ಒಬ್ಬಳು.

ಆಕೆಯಷ್ಟು ಅಂಜುಬುರುಕಿಯನ್ನು ನಾನು ಕಂಡಿಲ್ಲ. ಸಂಘದ ಸಭೆಗೆ ಬಂದರೆ ಚಪ್ಪಲಿ ಬಿಡುವ ಜಾಗದ ಪಕ್ಕ ಕೂರುವಳು. ಹೆಸರು ಕೂಗಿದರೆ "ಹೂಂ" ಎನ್ನಲೂ ನಾಚಿ ಸೆರಗಿನ ತುದಿ ಬಾಯಿಗೆ ಹಿಡಿಯುವಳು. ಪಡಿತರದ ಅಂಗಡಿಯಲ್ಲಿ ಅಕ್ಕಿ ಕಡಿಮೆ ಕೊಟ್ಟರೆ ಸುಮ್ಮನೆ ಚೀಲ ಕಟ್ಟಿಕೊಂಡು ಬರುವಳು. ಏನು ಕೇಳಿದರೂ ಒಂದೇ ಮಾತು: "ನಮ್ಮಣ್ಣನ್ನ ಕೇಳ್ರಿ."

ಸಮಸ್ಯೆ

ಮಗಳಿಗೆ ಹನ್ನೆರಡು, ಓದುತ್ತಿದ್ದದ್ದು ಏಳನೇ ಇಯತ್ತೆ. ಮಳೆಗಾಲದಲ್ಲಿ ಜ್ವರ ಬಂದು ತಿಂಗಳು ಮಲಗಿದಳು. ತಲೆ ಬಾಚಲಿಲ್ಲ, ಎಣ್ಣೆ ಕಾಣಲಿಲ್ಲ. ಎದ್ದಾಗ ಹಿಂದಲೆಯಲ್ಲಿ ಒಂದು ಗಂಟು, ಹಗ್ಗದ ಹಾಗೆ ಹೊಸೆದುಕೊಂಡಿತ್ತು. ಅಜ್ಜಿ ನೋಡಿ ಕೈ ಮುಗಿದಳು: "ಜಡಿ ಬಂದಾವ. ಅವ್ವ ಕರ್ಯಾಕ ಹತ್ಯಾಳ."

ಆ ಭಾಗದಲ್ಲಿ ಜಡೆ ಬಂತೆಂದರೆ ಎಲ್ಲಮ್ಮನ ಕರೆ ಎಂಬ ನಂಬಿಕೆ. ಅದೇ ವರ್ಷ ಅಣ್ಣನ ಮಗನಿಗೆ ಫಿಟ್ಸ್ ಶುರುವಾಗಿತ್ತು. ಎರಡನ್ನೂ ಜೋಡಿಸಿ ಮನೆಯವರು ತೀರ್ಮಾನಕ್ಕೆ ಬಂದರು: ಬರುವ ಭಾರತ ಹುಣ್ಣಿಮೆಗೆ, ಅಂದರೆ ಮಾಘದ ಹುಣ್ಣಿಮೆಗೆ, ಹುಡುಗಿಗೆ ಮುತ್ತು ಕಟ್ಟಬೇಕು. ಖರ್ಚು ನೋಡಿಕೊಳ್ಳುತ್ತೇನೆಂದು ಪಕ್ಕದೂರಿನ ಒಬ್ಬ ಮುಂದೆ ಬಂದಿದ್ದ. ಅವನ ವಯಸ್ಸು ನಲವತ್ತರ ಮೇಲೆ. ಭಕ್ತಿಯ ಹೊದಿಕೆಯ ಒಳಗೆ ನಡೆಯುತ್ತಿದ್ದ ವ್ಯವಹಾರ ಅದು. ಅಣ್ಣನಿಗೆ ಗೊತ್ತಿತ್ತು, ಅಜ್ಜಿಗೆ ಅರ್ಧ ಗೊತ್ತಿತ್ತು. ಗಂಗವ್ವನಿಗೆ ಎಲ್ಲವೂ ಗೊತ್ತಿತ್ತು, ತನ್ನ ಮೈಮೇಲೆ ಹಾದು ಹೋದದ್ದಲ್ಲವೇ.

ನಮಗೆ ಸುದ್ದಿ ಮುಟ್ಟಿಸಿದ್ದು ಆಕೆಯಲ್ಲ, ಆಶಾ ಕಾರ್ಯಕರ್ತೆ. ದೀಪಾವಳಿ ಮುಗಿದ ವಾರ ಅದು. ಭಾರತ ಹುಣ್ಣಿಮೆಗೆ ಮೂರು ತಿಂಗಳಿತ್ತು.

ನಾವು ಮಾಡಿದ್ದು

ಮೊದಲು ಕಾಯ್ದೆ ಹೇಳಿದೆವು. ನಾನೇ ಹೋಗಿ ಆಕೆಯ ಮನೆಯ ಕಟ್ಟೆಯ ಮೇಲೆ ಕೂತು ಓದಿದೆ: ಮುತ್ತು ಕಟ್ಟಿಸಿದವರಿಗೆ 3 ವರ್ಷದವರೆಗೆ ಜೈಲು, ಹೆತ್ತವರು, ಪೋಷಕರು, ಸಂಬಂಧಿಕರೇ ಮಾಡಿಸಿದರೆ ಕಡಿಮೆಯೆಂದರೂ 2 ವರ್ಷ, ಹೆಚ್ಚೆಂದರೆ 5 ವರ್ಷ, ದಂಡ ಬೇರೆ. ನನ್ನ ಲೆಕ್ಕದಲ್ಲಿ ಇದು ಆಕೆಯ ಕೈಗೆ ಕೊಟ್ಟ ಆಯುಧ. ಆಕೆಗೆ ಕೇಳಿಸಿದ್ದು 'ತಾಯಿಗೆ 5 ವರ್ಷ ಜೈಲು' ಎಂಬುದೊಂದೇ. ಮೂರು ವಾರ ಸಂಘದ ಕಡೆ ತಲೆ ಹಾಕಲಿಲ್ಲ. ಮೊದಲೇ ಅಣ್ಣನಿಗೆ, ಊರಿಗೆ, ದೇವಿಗೆ ಹೆದರುತ್ತಿದ್ದವಳಿಗೆ ಪೊಲೀಸರ ಹೆದರಿಕೆಯನ್ನೂ ನಾನೇ ಹೋಗಿ ಕೊಟ್ಟು ಬಂದಿದ್ದೆ.

ಎರಡನೆಯದು ವೈದ್ಯದ ದಾರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹುಡುಗಿಯ ತಲೆ ತೋರಿಸಿದೆವು. ಕೊಳೆ, ಬೆವರು, ಹೇನು ಸೇರಿ ಕೂದಲು ಅಂಟಿಕೊಂಡಿದೆ, ಕತ್ತರಿಸಿದರೆ ಆಯಿತು ಎಂದರು. ನರ್ಸಮ್ಮ ಕತ್ತರಿ ತೆಗೆದದ್ದೇ ಗಂಗವ್ವ ಮಗಳ ತಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. "ಬ್ಯಾಡ್ರಿ ಯವ್ವಾ, ಅವ್ವ ಸಿಟ್ಟಾಗ್ತಾಳ." ಜೊತೆಗಿದ್ದ ನನ್ನ ಸಹೋದ್ಯೋಗಿ, ಪ್ರಾಮಾಣಿಕ ಮನುಷ್ಯ, ಕೂದಲಲ್ಲಿ ಎಂಥ ದೇವರು ಎಂದು ಗದರಿದ. ಆಕೆ ಅಳುತ್ತ ಮಗಳನ್ನು ಎಳೆದುಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ಹಿಂದೆ ಓಡಿ ಹೋದೆ. ಆಕೆ ನನ್ನ ಮುಖ ನೋಡಲಿಲ್ಲ.

ಅಣ್ಣನ ಜೊತೆಗೂ ಮಾತಾಡಿದೆವು. ಚಹಾ ಕೊಟ್ಟ, ಎಲ್ಲದಕ್ಕೂ "ಆತ್ರಿ" ಅಂದ. ತಯಾರಿ ಮಾತ್ರ ನಿಲ್ಲಲಿಲ್ಲ. ಕಚೇರಿಯೊಂದಕ್ಕೆ ಹೋಗಿ ಮುಂಚಿತವಾಗಿ ತಿಳಿಸಿದರೆ, ಮನೆಯವರ ಲಿಖಿತ ದೂರು ತನ್ನಿ ಎಂಬ ಉತ್ತರ ಬಂತು. ದೂರು ಕೊಡಬೇಕಾದವಳಿಗೆ ತನ್ನ ಹೆಸರು ಹೇಳುವುದಕ್ಕೇ ಬಾಯಿ ಬರುತ್ತಿರಲಿಲ್ಲ.

ತಿರುವು

ಸಂಘದಲ್ಲಿ ಎಪ್ಪತ್ತು ದಾಟಿದ ಒಬ್ಬ ಜೋಗತಿ ಇದ್ದಳು. ಎಲ್ಲರಿಗೂ ಆಯಿ. ತನ್ನ ಕೇರಿಯಲ್ಲಿ ಇನ್ನು ಯಾವ ಹುಡುಗಿಗೂ ಮುತ್ತು ಕಟ್ಟಗೊಡುವುದಿಲ್ಲ ಎಂದು ಗಟ್ಟಿಯಾಗಿ ನಿಂತವಳು. ಚೌಡಿಕೆ ಹಿಡಿದು ಎಲ್ಲಮ್ಮನ ಪದ ಹಾಡುವುದನ್ನು ಮಾತ್ರ ಬಿಟ್ಟಿರಲಿಲ್ಲ. ನಾವು ಸೋತು ಕೂತಿದ್ದ ಒಂದು ಮಧ್ಯಾಹ್ನ ಆಯಿ ಗಂಗವ್ವನ ಮನೆಗೆ ಹೋದಳು. ಹಿಂದೆ ನಾನೂ ಹೋದೆ. ಇಬ್ಬರೂ ಶೇಂಗಾ ಸುಲಿಯುತ್ತ ಕೂತರು. ತಾಸು ಹೊತ್ತು ಮಾತೇ ಇಲ್ಲ. ಆಮೇಲೆ ಆಯಿ ಎಲ್ಲರಿಗೂ ಗೊತ್ತಿರುವ ಕಥೆಯನ್ನೇ ತೆಗೆದಳು. ಎಲ್ಲಮ್ಮನೇ ಆದ ರೇಣುಕೆಯ ಮೇಲೆ ಗಂಡ ಜಮದಗ್ನಿಗೆ ಸಿಟ್ಟು ಬಂದದ್ದು, ತಾಯಿಯ ತಲೆ ಕಡಿಯಿರೆಂದು ಮಕ್ಕಳಿಗೆ ಹೇಳಿದ್ದು, ನಾಲ್ವರು ಒಲ್ಲೆನೆಂದದ್ದು, ಪರಶುರಾಮ ಕೊಡಲಿ ಎತ್ತಿದ್ದು.

ಕಥೆ ಮುಗಿಸಿ ಅಂದಳು: "ಗಂಡ ಹೊರಗ ಹಾಕಿದ, ಮೈತುಂಬ ಹುಣ್ಣು ಹೊತಗೊಂಡು ಅಡವಿ ಅಲದ್ಲು. ಕೈಹಿಡಿದವರು ಯಾರೂ ಇಲ್ಲ. ಹಂತಾಕಿ, ನಿನ್ನ ಮಗಳಿಗೂ ಹಂಗ ಆಗ್ಲಿ ಅಂತಾಳೇನ ಗಂಗೀ? ನನಗ ಗೊತ್ತಿಲ್ಲವ್ವ. ನೀ ಆಕಿನ್ನ ಹೋಗಿ ಕೇಳು."

ಅಂದು ರಾತ್ರಿ ನಮ್ಮೊಳಗೆ ದೊಡ್ಡ ವಾದ ಆಯಿತು. ಮೂಢನಂಬಿಕೆಗೆ ನಾವೇ ನೀರೆರೆಯುತ್ತಿದ್ದೇವೆ ಎಂದು ಒಬ್ಬರು. ಆಕೆ ಹೂ ಪ್ರಸಾದ ಕೇಳಿ, ಹೂ ಎಡಕ್ಕೆ ಬಿದ್ದರೆ ಹುಡುಗಿಯನ್ನು ನಾವೇ ಕೈಯಾರೆ ಒಪ್ಪಿಸಿದಂತೆ ಆಗುವುದಿಲ್ಲವೇ ಎಂದು ಇನ್ನೊಬ್ಬರು. ಈ ಎರಡನೆಯ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆದರೂ ಆಕೆಯ ದಾರಿಗೆ ಅಡ್ಡ ಬರದೆ ಜೊತೆಗೆ ಹೋಗುವುದೆಂದು ನಿರ್ಧರಿಸಿದೆ. ಈ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ ಎಂದು ಈಗಲೂ ಅನಿಸುತ್ತದೆ. ಜುಜುಬಿ ನಿರ್ಧಾರ ಅದಾಗಿರಲಿಲ್ಲ, ನನಗೆ ಮೂರು ರಾತ್ರಿ ನಿದ್ದೆ ಬರಲಿಲ್ಲ.

ಐದು ಮಂಗಳವಾರ ಗಂಗವ್ವ ಉಪವಾಸ ಹಿಡಿದಳು. ಭಾರತ ಹುಣ್ಣಿಮೆಗಿಂತ ತಿಂಗಳು ಮೊದಲು ಬರುವ ಬನದ ಹುಣ್ಣಿಮೆಗೆ ಗುಡ್ಡಕ್ಕೆ ಹೊರಟೆವು. ಎತ್ತಿನ ಬಂಡಿ, ಟ್ರ್ಯಾಕ್ಟರು, ನಡೆದು ಬರುವವರು, ದಾರಿಯುದ್ದಕ್ಕೂ "ಉಧೋ ಉಧೋ". ಜೋಗುಳಬಾವಿಯಲ್ಲಿ ಆ ಚಳಿಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಪಡ್ಡಲಗಿ ತಲೆಯ ಮೇಲಿಟ್ಟುಕೊಂಡು ಗುಡ್ಡ ಏರಿದಳು. ಬಿದಿರಿನ ಬುಟ್ಟಿ ಅದು. ಒಳಗೆ ದೇವಿಯ ಹಿತ್ತಾಳೆಯ ಮುಖ, ಭಂಡಾರದ ಅರಿಶಿನ, ಬೇವಿನ ಸೊಪ್ಪು, ನಾಲ್ಕು ಕವಡೆ. ಪಾಳಿಯಲ್ಲಿ ಐದು ತಾಸು ನಿಂತೆವು. ದೇವಿಯೆದುರು ಸಿಕ್ಕಿದ್ದು ಅರ್ಧ ನಿಮಿಷ. ಹಿಂದಿನವರು ನೂಕುತ್ತಿದ್ದರು, "ಮುಂದ ನಡೀರಿ" ಎಂಬ ಕೂಗು. ಗಂಗವ್ವನ ತುಟಿ ಅಲುಗಿದ್ದನ್ನಷ್ಟೇ ನೋಡಿದೆ.

ಹೊರಗೆ ಗೋಡೆಗೆ ಒರಗಿ ಕೂತು ರೊಟ್ಟಿ ಬಿಚ್ಚಿದಳು. ನನಗೆ ತಡೆಯಲಾಗಲಿಲ್ಲ.

"ಕೇಳಿದೇನ ಗಂಗವ್ವ? ಏನಂದ್ಲು?"

"ಕೇಳ್ಲಿಲ್ರಿ ಅಕ್ಕಾರ. ಹೇಳಿ ಬಂದೆ."

"ಏನಂತ?"

"ಇಪ್ಪತ್ತೈದು ವರ್ಷ ನಿನ್ನ ಬುಟ್ಟಿ ಹೊತ್ತೇನಿ. ಬೇಡಿ ತಂದದ್ದರಾಗ ಮೊದಲ ತುತ್ತು ನಿನಗ ಇಟ್ಟೇನಿ. ತಪ್ಪಿದ್ರ ನನ್ನ ಮ್ಯಾಲ ತೀರಿಸ್ಕೊ. ಆಕಿನ್ನ ನಾ ಕೊಡೂದಿಲ್ಲ. ಆಕಿ ತಾಯಿ ನಾನು, ನನ್ನ ತಾಯಿ ನೀನು. ನೀ ನನ್ನ ಕೈ ಬಿಡಬ್ಯಾಡ. ಅಷ್ಟ ಹೇಳಿದೆ."

ಅಷ್ಟು ಉದ್ದದ ಮಾತನ್ನು ಆಕೆಯ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಸೆರಗು ಬಾಯಲ್ಲಿರಲಿಲ್ಲ. ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟಳು.

ಆಡು ಸತ್ತದ್ದು

ಊರಿಗೆ ಮರಳಿದ ಎಂಟನೇ ದಿನಕ್ಕೆ ಆಕೆಯ ಗಬ್ಬದ ಆಡು ಸತ್ತಿತು. ಮನೆಯಲ್ಲಿದ್ದ ಆಸ್ತಿ ಎಂದರೆ ಅದೊಂದೇ. ದೇವಿಗೆ ಎದುರಾಡಿದ್ದಕ್ಕೆ ಸಿಕ್ಕ ಫಲ ಎಂದು ಅಣ್ಣ ಸಾರಿದ. ಅಜ್ಜಿ ಎದೆ ಬಡಿದುಕೊಂಡಳು. ಸುದ್ದಿ ಕೇಳಿ ನನ್ನ ಕೈಕಾಲೇ ಬಿದ್ದು ಹೋದವು, ಎಲ್ಲ ಮುಗಿಯಿತು ಎಂದುಕೊಂಡೆ. ಏನು ಹೇಳಿ ಸಮಾಧಾನ ಮಾಡಲಿ ಎಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಳ್ಳುತ್ತ ಹೋದರೆ, ಆಕೆ ಹಿತ್ತಲಲ್ಲಿ ಕುಣಿ ಮುಚ್ಚಿ ಕೈ ತೊಳೆಯುತ್ತಿದ್ದಳು.

"ಆಡು ಅಷ್ಟ ತಗೊಂಡ್ಲು ಅಕ್ಕಾರ. ಮಗಳನ್ನ ಬಿಟ್ಲು. ಮಾತು ಕೇಳ್ಯಾಳ."

ಆಡು ಯಾಕೆ ಸತ್ತಿತೋ ನನಗೆ ತಿಳಿಯದು. ರೋಗ ಇರಬಹುದು, ತಿನ್ನಬಾರದ್ದನ್ನು ತಿಂದಿರಬಹುದು. ಆದರೆ ಗಂಗವ್ವನ ಪಾಲಿಗೆ ಲೆಕ್ಕ ಚುಕ್ತಾ ಆಗಿತ್ತು. ಮರುದಿನವೇ ಅಣ್ಣನ ಮನೆಗೆ ತಾನಾಗಿ ಹೋಗಿ, ಹುಣ್ಣಿಮೆಗೆ ಯಾರನ್ನೂ ಕರೆಯಬೇಡ ಎಂದಳು. ಅವನು ಕಪಾಳಕ್ಕೆ ಹೊಡೆದ. ಕೆನ್ನೆ ಒರೆಸಿಕೊಂಡು ಅದೇ ಮಾತನ್ನು ಇನ್ನೊಮ್ಮೆ ಹೇಳಿ ಬಂದಳು. ಇದನ್ನು ನನಗೆ ಹೇಳಿದ್ದು ಅಣ್ಣನ ಹೆಂಡತಿ, ಆಮೇಲೆ, ಗುಟ್ಟಾಗಿ.

ಆ ರಾತ್ರಿ

ಅಣ್ಣ ನಿಲ್ಲಿಸಲಿಲ್ಲ. ಹುಣ್ಣಿಮೆಯ ಹಿಂದಿನ ದಿನ ಹಸಿರು ಬಳೆ, ಸೀರೆ ಬಂದವು. ಹುಣ್ಣಿಮೆಯ ದಿನ ಬೆಳಿಗ್ಗೆ ಗಂಗವ್ವ ಶಾಲೆಗೆ ಹೋದಳು. ಐದಾರು ವರ್ಷದ ಹಿಂದೆ ನೆಲ ನೋಡುತ್ತ ನಿಂತಿದ್ದ ಅದೇ ಕೋಣೆ. ಹೆಡ್ ಮಾಸ್ತರರ ಮೇಜಿನ ಮುಂದೆ ನಿಂತು ತನ್ನ ಹೆಸರು, ತಾಯಿಯ ಹೆಸರು, ಕೇರಿಯ ಹೆಸರು ಹೇಳಿದಳು. "ನನ್ನ ಮಗಳಿಗೆ ಇವತ್ತ ರಾತ್ರಿ ಮುತ್ತು ಕಟ್ಟವರಿದ್ದಾರ. ಫೋನ್ ಹಚ್ಚಿ ಕೊಡ್ರಿ, ನಾನ ಮಾತಾಡ್ತೇನಿ." ಅವರು ಮಕ್ಕಳ ಸಹಾಯವಾಣಿ 1098ಕ್ಕೆ ಹಚ್ಚಿ ಕೊಟ್ಟರು. ನಾವು ಬರೆದುಕೊಡುತ್ತೇವೆ, ಹೆಬ್ಬಟ್ಟು ಒತ್ತು ಎಂದು ಮೂರು ತಿಂಗಳು ಗೋಗರೆದಿದ್ದ ದೂರನ್ನು ಆಕೆ ಬಾಯಿಮಾತಲ್ಲಿ, ಯಾರ ಆಸರೆಯೂ ಇಲ್ಲದೆ ಕೊಟ್ಟಳು. ಕೊಟ್ಟ ಮೇಲೆ, ಅಕ್ಕಾರಿಗೂ ತಿಳಸ್ರಿ ಎಂದು ನನ್ನ ವಿಷಯ ಮಾಸ್ತರರಿಗೆ ಹೇಳಿ ಮನೆಗೆ ನಡೆದಳಂತೆ.

ಮಕ್ಕಳ ರಕ್ಷಣೆಯ ತಂಡದ ಜೊತೆ ನಾನು ಊರು ಮುಟ್ಟಿದ್ದು ರಾತ್ರಿ ಹತ್ತಕ್ಕೆ. ಅಷ್ಟರೊಳಗೆ ಆದದ್ದನ್ನು ನೆರೆಯವರಿಂದ ಕೇಳಿದೆ. ಏಳರ ಹೊತ್ತಿಗೆ ಅಣ್ಣ, ಜೋಗತಿಯರು, ಆ ಪಕ್ಕದೂರಿನವನು ಹುಡುಗಿಯನ್ನು ಕರೆದೊಯ್ಯಲು ಬಂದರು. ಗಂಗವ್ವ ಮಗಳನ್ನು ಒಳಗೆ ಕೂಡಿಸಿ, ಹೊಸ್ತಿಲ ಮೇಲೆ ಪಡ್ಡಲಗಿ ಇಟ್ಟು ದೀಪ ಹಚ್ಚಿ, ಅದರ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಗಂಗೀ, ಪಡ್ಡಲಗಿ ಸರಸ."

"ದಾಟು ಅಣ್ಣಾ. ಅವ್ವನ್ನ ದಾಟಿ ಒಳಗ ಹೋಗು."

ಒಂಟಿ ಕೋಣೆಯ ಜನತಾ ಮನೆ. ಬಾಗಿಲಿಗೆ ಚಿಲಕ ನೆಟ್ಟಗೆ ಬೀಳುತ್ತಿರಲಿಲ್ಲ. ಒಂದು ಹೆಜ್ಜೆ ಎತ್ತಿಟ್ಟಿದ್ದರೆ ಸಾಕಿತ್ತು. ಯಾರೂ ಎತ್ತಲಿಲ್ಲ. ಬೈದರು, ಶಾಪ ಹಾಕಿದರು, ಅಜ್ಜಿ ಕಾಲಿಗೆ ಬೀಳಲು ಬಂದಳು. ಆಕೆ ದೀಪಕ್ಕೆ ಎಣ್ಣೆ ಹಾಕುತ್ತ ಕೂತಳು. ಕಡೆಗೆ ಶಾಸ್ತ್ರ ಮಾಡಿಸಬೇಕಿದ್ದ ಹಿರಿಯ ಜೋಗತಿ ಬಗ್ಗಿ ಬುಟ್ಟಿಯೊಳಗಿನ ಭಂಡಾರ ತೆಗೆದು ತನ್ನ ಹಣೆಗೆ ಹಚ್ಚಿಕೊಂಡು, "ನನ್ನ ಕೈಲೆ ಆಗೂದಿಲ್ಲ" ಎಂದು ತಿರುಗಿ ನಡೆದಳಂತೆ. ಉಳಿದ ಜೋಗತಿಯರೂ ಆಕೆಯ ಹಿಂದೆ ಹೋದರು. ಖರ್ಚು ನೋಡಿಕೊಳ್ಳುವವನು ಬೈಕು ಹತ್ತಿ ಹೋದ.

ನಾನು ಹೋದಾಗ ಅಂಗಳದಲ್ಲಿ ಅಣ್ಣ ಒಬ್ಬನೇ ತಲೆ ಮೇಲೆ ಕೈ ಹೊತ್ತು ಕೂತಿದ್ದ. ದೀಪ ಉರಿಯುತ್ತಿತ್ತು. ಗಂಗವ್ವನ ಮೈ ಗಡಗಡ ನಡುಗುತ್ತಿತ್ತು. ಧೈರ್ಯ ಬಂದ ಮೇಲೆ ನಡುಕ ಹೋಗುತ್ತದೆಂದು ನಾನು ತಿಳಿದಿದ್ದೆ. ಆಕೆ ನಡುಗುತ್ತಲೇ ಮೂರು ತಾಸು ಆ ಹೊಸ್ತಿಲು ಕಾದಿದ್ದಳು.

ಆಮೇಲೆ

ಅಣ್ಣನಿಂದ ಮುಚ್ಚಳಿಕೆ ಬರೆಸಿಕೊಂಡರು. ಹುಡುಗಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ವಸತಿಶಾಲೆಯಲ್ಲಿ ಜಾಗ ಸಿಕ್ಕಿತು. ಹೊರಡುವ ಮುನ್ನಿನ ಮಂಗಳವಾರ ಗಂಗವ್ವ ತಾನೇ ಕತ್ತರಿ ಹಿಡಿದಳು. ಕೊಬ್ಬರಿ ಎಣ್ಣೆ ಸುರಿದು, ಬಿಡಿಸಲು ಬಂದಷ್ಟು ಎಳೆ ಎಳೆಯಾಗಿ ಬಿಡಿಸಿ, ಬಾರದ್ದನ್ನು ಕತ್ತರಿಸಿ, ಎಲೆಯ ಮೇಲಿಟ್ಟು ಭಂಡಾರ ಹಚ್ಚಿ ಹೊಳೆಗೆ ಬಿಟ್ಟಳು. "ನಿಂದು ನೀ ತಗೋ" ಅಂದಳು, ಅಷ್ಟೇ. ಆರೋಗ್ಯ ಕೇಂದ್ರದಲ್ಲಿ ನಾವು ತೆಗೆದಿದ್ದೂ ಇಂಥದೇ ಕತ್ತರಿ. ಆದರೆ ಅದು ಯಾರ ಕೈಯಲ್ಲಿದೆ, ಯಾರ ಹೆಸರಿನಲ್ಲಿ ಆಡುತ್ತಿದೆ ಎಂಬುದನ್ನು ನಾವು ಆಗ ಯೋಚಿಸಿರಲಿಲ್ಲ.

ಎಲ್ಲವೂ ಸುಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಸುಗ್ಗಿ ಆಕೆಯನ್ನು ಯಾರೂ ಕೂಲಿಗೆ ಕರೆಯಲಿಲ್ಲ. ನಳದ ಬಳಿ ಆಕೆಯ ಕೊಡವನ್ನು ಹಿಂದೆ ಸರಿಸುತ್ತಿದ್ದರು. ಅಣ್ಣ ಇವತ್ತಿಗೂ ಮಾತಾಡುವುದಿಲ್ಲ. ಅವನ ಮಗನನ್ನು ಮಾತ್ರ ಜಿಲ್ಲಾ ಆಸ್ಪತ್ರೆಗೆ ಗಂಗವ್ವನೇ ಕರೆದೊಯ್ದಳು, ಅತ್ತಿಗೆಯ ಜೊತೆ. ಗುಳಿಗೆ ಶುರುವಾದ ಮೇಲೆ ಫಿಟ್ಸ್ ಹತೋಟಿಗೆ ಬಂತು.

ನಮ್ಮ ಕಡೆಯಿಂದಲೂ ಒಂದು ತಪ್ಪಾಯಿತು. ವರದಿಗೆಂದು ಆಕೆ ಮುತ್ತು ಹರಿದುಹಾಕುವ ಫೋಟೊ ಬೇಕೆಂದು ಮೇಲಿನವರು ಕೇಳಿದರು. ಹೋಗಿ ಕೇಳಿದವಳು ನಾನೇ. "ಇದು ನನ್ನದ್ರಿ. ಅವ್ವ ನನ್ನಾಕಿ. ಆಕಿ ಇದ್ದದ್ದಕ್ಕ ನಾ ನಿಂತೆ, ಈಗ ಆಕಿನ್ನ ಹರದ ಒಗಿ ಅಂತೀರೇನು?" ಎಂದಳು. ಫೋಟೊ ತೆಗೆಯಲಿಲ್ಲ, ವರದಿಯಲ್ಲಿ ಆ ಪುಟ ಖಾಲಿ ಹೋಯಿತು.

ಕೆಲಸಕ್ಕೆ ಸೇರುವ ಹುಡುಗಿಯರಿಗೆ ಈ ಪ್ರಕರಣ ಹೇಳುವಾಗ ನಾನು ಒತ್ತಿ ಹೇಳುವುದು ಹೆದರಿಕೆಯ ಬಗ್ಗೆ. ಗಂಗವ್ವನ ಹೆದರಿಕೆಗಳಿಗೆಲ್ಲ ಬೇರು ಒಂದೇ ಆಗಿತ್ತು. ಅಣ್ಣನಿಗೆ, ಊರಿಗೆ, ಜೋಗತಿಯರಿಗೆ ಅಂಜುತ್ತಿದ್ದದ್ದು ಅವರ ಬೆನ್ನಿಗೆ ದೇವಿ ಇದ್ದಾಳೆ ಎಂಬ ನಂಬಿಕೆಯಿಂದ. ದೇವಿ ತನ್ನ ಬೆನ್ನಿಗಿದ್ದಾಳೆ ಎಂದು ಮನವರಿಕೆಯಾದ ದಿನ ಉಳಿದವರು ಬರೀ ಮನುಷ್ಯರಾದರು. ಆ ಮನವರಿಕೆಯನ್ನು ಹೊರಗಿನವರು ಕೊಡಲು ಬರುವುದಿಲ್ಲ. ದೇವಿ ಇಲ್ಲ ಎಂದು ವಾದಿಸಿದಷ್ಟೂ ನಾವು ಆಕೆಯ ಏಕೈಕ ಆಸರೆಗೆ ಕೈ ಹಾಕುತ್ತಿದ್ದೆವು. ಹಾಗೆಂದು ನಂಬಿಕೆಯೊಂದೇ ಸಾಕಾಯಿತು ಎಂದೂ ಹೇಳಲಾರೆ. ರಾತ್ರಿ ಹತ್ತಕ್ಕೆ ಜೀಪು ಬರದಿದ್ದರೆ, ವಸತಿಶಾಲೆಯಲ್ಲಿ ಜಾಗ ಸಿಗದಿದ್ದರೆ ಮುಂದಿನ ಹುಣ್ಣಿಮೆಗೆ ಮತ್ತೆ ಅದೇ ಹೊಸ್ತಿಲು. ಕಾಯ್ದೆ ಬೇಕೇ ಬೇಕು. ನಾನು ಅದನ್ನು ಮೊದಲ ದಿನವೇ ಆಕೆಯ ಎದೆಗೆ ಗುರಿ ಹಿಡಿದದ್ದು ತಪ್ಪು.

ಎರಡು ವರ್ಷದ ಮೇಲೆ, ಭಾರತ ಹುಣ್ಣಿಮೆಗೆ ವಾರ ಇರುವಾಗ, ನಸುಕಿನಲ್ಲಿ ಫೋನ್ ಬಂತು. ಹೊಳೆಯಾಚೆಯ ಊರಲ್ಲಿ ಒಂಬತ್ತು ವರ್ಷದ ಹುಡುಗಿಗೆ ಜಡೆ ಬಂದಿದೆಯಂತೆ, ಮನೆಯಲ್ಲಿ ಮಾತು ನಡೆದಿದೆಯಂತೆ. ಮೊದಲ ಬಸ್ಸಿಗೆ ಹೊರಡುತ್ತೇನೆ, ಕಾಯ್ದೆಯ ಕಾಗದ ತರಲೇ ಎಂದು ಕೇಳಿದೆ.

"ನೀವು ಸಂಜೀಕ ಬರ್ರಿ ಅಕ್ಕಾರ, ಕಾಗದ ಆಮ್ಯಾಲ ಬೇಕಾಗ್ತಾವ," ಅಂದಳು ಗಂಗವ್ವ. "ಈಗ ಆ ಹುಡುಗೀ ತಾಯಿ ಕೂಡ ಶೇಂಗಾ ಸುಲ್ಯಾಕ ನಾನೂ ಆಯೀ ಹೊಂಟೇವಿ. ಪಡ್ಡಲಗಿ ತಗೊಂಡೇನಿ."